ನಟ್ಟನಡುವಿನ ಕಂಬ

ದುಂಡೇಶನ ಹೊಸ ಕೋಣೆಯಲ್ಲಿ ಒಂದೇ ಒಂದು ಕಂಬ ಹೆಚ್ಚಾಗಿತ್ತು, ಅದೂ ನಟ್ಟನಡುವೆ.

ಕಬ್ಬೂರಿನ ತನ್ನ ತೋಟದಲ್ಲಿ ಅವನು ಎಂಟು ಮೂಲೆಯ ಕೋಣೆ ಕಟ್ಟಿಸಿದ್ದ. ಒಳಗೆ ಅಟ್ಟವಿಲ್ಲ, ಅಡ್ಡತೊಲೆಯಿಲ್ಲ. ಎಂಟು ಮೂಲೆಗಳಿಂದ ಎಂಟು ತೊಲೆಗಳು ಮೇಲೇರಿ, ನೆತ್ತಿಯಲ್ಲಿ ಒಂದು ಕಬ್ಬಿಣದ ಬಳೆಗೆ ಹಣೆ ಹಚ್ಚಿ ನಿಂತಿದ್ದವು. ಅದರ ಕೆಳಗೆ ಹೊರಸು ಹಾಕಿ, ಅಂಗಾತ ಬಿದ್ದು, ಆ ಎತ್ತರವನ್ನು ನೋಡುತ್ತ ಮಧ್ಯಾಹ್ನ ಕಳೆಯಬೇಕೆಂಬುದೊಂದೇ ಅವನ ಆಸೆ. ಕೆಲಸ ಮುಗಿಯುವ ತನಕ ಬಳೆಗೆ ಆಸರೆಯಾಗಿದ್ದ ಕಂಬವನ್ನು ಇಂದು ತೆಗೆಯಬೇಕಿತ್ತು.

ಪಕ್ಕದ ತೋಟದ ಮುರಗೆಪ್ಪ ಮುಂಜಾನೆಯೇ ಬಂದು ಕೂತಿದ್ದ.

"ತೆಗೀಬ್ಯಾಡಲೇ. ಮ್ಯಾಲ ಕುಂತ ಒತ್ತಿದ ಛತ್ರಿ ಹಂಗ ಅಗಲಾಗಿ ಬೀಳ್ತೈತಿ."

"ಗ್ವಾಡಿ ತಲಿಗೆ ಸುತ್ತ ಕಬ್ಬಿಣದ ಪಟ್ಟಿ ಬಿಗದೈತಿ ಕಾಕಾ. ತೊಲಿ ಕಾಲ ಜಾರೂದಿಲ್ಲ. ಬೇಕಾದ್ರ ಮಿಸ್ತ್ರಿನ್ನ ಕೇಳ."

ಕೋಣೆ ಕಟ್ಟಿದ ಇಬ್ರಾಹಿಮ ಮಿಸ್ತ್ರಿ "ಹೌದ್ರಿ" ಎಂದಷ್ಟೇ ಹೇಳಿದ.

ಡೇರಿಗೆ ಹಾಲು ಹಾಕಿ ಬಂದ ನೆರೆಮನೆಯ ಕಾಶಿಬಾಯಿ ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಅರ್ಧ ಓಣಿಯೇ ನಿಂತಿತು.

"ಅಷ್ಟ ಭರೋಸಾ ಇದ್ರ ಅದರ ಬುಡಕ ಮಕ್ಕೊಳ್ಳಿ ನೋಡೂಣು," ಎಂದಳು.

ದುಂಡೇಶ ಹೊರಸು ತಂದು ಕಂಬದ ಮಗ್ಗುಲಿಗೆ ಹಾಕಿ ಮಲಗಿದ. ಅವನವ್ವ ತಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಿಸ್ತ್ರಿ ಬುಡದ ಬೆಣೆ ಬಡಿದ. ಕಂಬ ಕಳಚಿತು. ಉಂಡ ಮುದುಕ ಗೋಡೆಗೊರಗುವಾಗ ನರಳುವಂತೆ ಮೇಲಿನ ಮಾಡು ಒಮ್ಮೆ ನರಳಿ ಸುಮ್ಮನಾಯಿತು. ಒಂದು ಚಿಟಿಕೆ ಮರದ ಪುಡಿ ದುಂಡೇಶನ ಮೂಗಿನ ಮೇಲೆ ಇಳಿಯಿತು, ಅಷ್ಟೇ.

ಆಮೇಲೆ ಅವನಿಗೆ ಯಾರೂ ಕಾಣಲಿಲ್ಲ. ಕಿಟಕಿಯ ಬಿಸಿಲು ಒಂದು ತೊಲೆಯಿಂದ ಇನ್ನೊಂದಕ್ಕೆ ಮೆಲ್ಲಗೆ ದಾಟುತ್ತಿತ್ತು. ಎಲ್ಲೋ ಗಿಳಿಗಳು ಕೂಗಿದವು. ತಾನು ದೊಡ್ಡದೊಂದು ಹೂವಿನ ಹೊಟ್ಟೆಯಲ್ಲಿ ತೇಲುತ್ತಿರುವಂತೆ ಅನ್ನಿಸಿ ಅವನ ಕಣ್ಣುಗಳು ಮುಚ್ಚಿದವು.

ಎಚ್ಚರವಾದಾಗ ಕರ್ಪೂರದ ವಾಸನೆ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ತಲೆದಿಂಬಿನ ಬಳಿ ಒಡೆದ ಕಾಯಿ.

"ಏಳ ತಮ್ಮಾ," ಎಂದಳು ತಾರವ್ವ, "ದೇವರ ಜಾಗಾದಾಗ ಕಾಲ ಚಾಚಬಾರದು. ಕಂಬ ಇಲ್ಲದ ಮಾಡ ನಿಂತೈತಿ ಅಂದ್ರ ದೇವಿ ಅವ್ವನ ಹಿಡಕೊಂಡಾಳ."

"ಪಟ್ಟಿ ಹಿಡಕೊಂಡೈತಿ ಯವ್ವಾ! ಮಿಸ್ತ್ರಿ, ನೀನರ ಹೇಳ."

ಬರಿಗಾಲಲ್ಲಿ ನಿಂತಿದ್ದ ಇಬ್ರಾಹಿಮ ನೆಲ ನೋಡಿದ. "ಏನ ಹೇಳ್ಲಿರಿ ಸಾಹುಕಾರ್ರ. ಎಂಟು ಮೂಲಿದು ನಾ ಮೊದಲನೇ ಸಲ ಮಾಡೀನ್ರಿ. ಬೆಣಿ ಬಡಿಯೂ ಮುಂದ ನಾನೂ ಪೀರರಿಗೆ ಸಕ್ರಿ ಹರಕಿ ಬೇಡ್ಕೊಂಡಿದ್ನಿ."

ದುಂಡೇಶ ಹೊರಸು ಹೊತ್ತು ಹೊರಬಿದ್ದ.

"ಹಂಗ ಹೋಗಬ್ಯಾಡಲೇ," ಎಂದ ಮುರಗೆಪ್ಪ, "ಕೈ ಮುಗದ ಹೋಗ."