ನಾಣ್ಯಕ್ಕೊಂದು ನಾಮಕರಣ

"ಇನ್ನ ಮುಂದ ಈ ಅಂಗಡ್ಯಾಗ ಕೈಲೆ ಒಂದಕ್ಷರ ಬರಿಯೂದಿಲ್ಲ!"

ಜಿನೇಶ ಹೀಗೆ ರಾಜಾಜ್ಞೆ ಹೊರಡಿಸಿದಾಗ ಬೆಳಗಾವಿಯ ಖಾಸಬಾಗದ ಆ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಪ್ರಜೆ ಅಂತ ಇದ್ದವಳು ಅವನ ಹೆಂಡತಿ ತ್ರಿಶಲಾ ಒಬ್ಬಳೇ. ಆಕೆ ಗುರ್ ಎನ್ನುವ ಕರೆಂಟಿನ ಪೆನ್ನು ಹಿಡಿದು ಒಂದು ತಂಬಿಗೆಯ ಮೇಲೆ ಯಾರದೋ ಹೆಸರು ಕೊರೆಯುತ್ತಿದ್ದಳು.

"ಮತ್ತ ಹೆಸರು ಬರಿಯಾಕ ನಿಮ್ಮಜ್ಜ ಮ್ಯಾಲಿಂದ ಇಳದು ಬರ್ತಾರೇನು?"

"ಲೇಸರ್ ಬರೀತೈತಿ! ಗುಂಡಿ ಒತ್ತಿದ್ರ ಮುಗೀತು. ನಿನ್ನ ಕೈಗೆ ಇವತ್ತಿನಿಂದ ರಿಟೈರ್‌ಮೆಂಟು!"

ಮಾತಿನಲ್ಲಿ ಜಂಬವಿತ್ತು, ಒಳಗೆ ಮಾತ್ರ ಸಂಕಟ. ಮದುವೆ ಇರಲಿ, ತೊಟ್ಟಿಲು ಇರಲಿ, ಈ ಕಡೆ ಪಾತ್ರೆ ಉಡುಗೊರೆ ಕೊಡುವವರು ಅದರ ಮೇಲೆ ಹೆಸರು ಕೊರೆಸದೆ ಕೊಡುವುದಿಲ್ಲ. ಊರವರ ಹೆಸರನ್ನೆಲ್ಲ ಕೊರೆದೂ ಕೊರೆದೂ ತ್ರಿಶಲಾಳ ಬಲಗೈ ಮಣಿಕಟ್ಟು ಸೋತುಹೋಗಿತ್ತು. ಸಂಜೆಯಾದರೆ ಹಿಟ್ಟು ನಾದಲೂ ಆಗುತ್ತಿರಲಿಲ್ಲ. ಪೆನ್ನು ಬಿಡಿ ಎಂದು ಡಾಕ್ಟರು ಹೇಳಿದ್ದರು, ಗಿರಾಕಿಗಳು ಬಿಡಬೇಕಲ್ಲ! ಆಕೆ ಕೈಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ನೋಡಿದಾಗಲೆಲ್ಲ ಜಿನೇಶ ಮೊಬೈಲಿನಲ್ಲಿ ಹೆಸರು ಕೊರೆಯುವ ಮಿಷಿನ್ ಹುಡುಕುತ್ತಿದ್ದ.

"ರೊಕ್ಕ?" ಎಂದಳು ತ್ರಿಶಲಾ.

"ನಮ್ಮ ಕಾಯಿನ್ ಐತೆಲ್ಲ!"

ಕಾಯಿನ್ ಅಂದರೆ ಕ್ರಿಪ್ಟೋ ನಾಣ್ಯ. ಕೆಲವು ವರ್ಷಗಳ ಹಿಂದೆ ಯಾರದೋ ಮಾತು ಕೇಳಿ ಜಿನೇಶ ಕೊಂಡದ್ದು. ಬಂಗಾರದ ಬಣ್ಣ, ಅಂಗೈಯಗಲ. ಅದರ ಒಂದು ಬದಿಗೆ ಫಳಫಳ ಹೊಳೆಯುವ ಸ್ಟಿಕರು, ಸ್ಟಿಕರಿನ ಅಡಿಗೆ ಒಂದು ಗುಪ್ತ ನಂಬರು. ಆ ನಂಬರು ಯಾರ ಕೈಗೆ ಸಿಕ್ಕಿತೋ ರೊಕ್ಕ ಅವರದು. ಆ ನಂಬರನ್ನು ಬೇರೆಲ್ಲೂ ಬರೆದಿಟ್ಟಿಲ್ಲ. ಸ್ಟಿಕರು ಕೀಳದೆ ಇರುವ ತನಕ ನಾಣ್ಯ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನೆಮ್ಮದಿಯಾಗಿ ಹೋಗಬಹುದು. ತ್ರಿಶಲಾ ಮಾತ್ರ ಅದನ್ನು "ಚಾಕಲೇಟ್" ಎಂದೇ ಕರೆಯುತ್ತಿದ್ದಳು. ಖಾನಾಪುರದ ಮುದಸ್ಸರ ಎಂಬವನು ಲೇಸರ್ ಸಾಮಾನು ಕೊಂಡು ಮಾರುತ್ತಾನೆ, ರೊಕ್ಕದ ಬದಲು ಇಂಥ ನಾಣ್ಯವನ್ನೂ ತೆಗೆದುಕೊಳ್ಳುತ್ತಾನೆ ಎಂದು ಮೊಬೈಲಿನಲ್ಲಿ ಓದಿದ ದಿನದಿಂದ ಜಿನೇಶನಿಗೆ ನಿದ್ದೆ ಇರಲಿಲ್ಲ.

"ಹೊತ್ತು ಮುಳಗೂದ್ರಾಗ ಮನೀಗೆ ಬರ್ರಿ. ಇಲ್ಲಾಂದ್ರ ಊಟ ನಾಳಿಗೇ" ಎಂದಳು ತ್ರಿಶಲಾ. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಒಲೆಗೂ ಬಾಯಿಗೂ ರಜೆ.

ಜಿನೇಶ ನಾಣ್ಯವನ್ನು ಅಂಗಿಯ ಒಳಜೇಬಿಗೆ ಇಳಿಸಿ, ದಂಡಯಾತ್ರೆಗೆ ಹೊರಟವನ ಹಾಗೆ ಸ್ಕೂಟರ್ ಏರಿದ.

ಖಾನಾಪುರದಲ್ಲಿ ಮುದಸ್ಸರನ ಅಂಗಡಿ ಎಂದರೆ ಅವನ ಮನೆಯ ಮುಂದಿನ ಕೋಣೆ. ಗೋಡೆ ತುಂಬ ಟಾರ್ಚಿನಂಥ ಲೇಸರುಗಳು, ಗೌಂಡಿಗಳು ಮಟ್ಟ ಹಿಡಿಯುವ ಹಸಿರು ಗೆರೆಯ ಡಬ್ಬಿಗಳು. ನಡುವೆ ಮೇಜಿನ ಮೇಲೆ ಹೆಸರು ಕೊರೆಯುವ ಮಿಷಿನ್! ಮುದಸ್ಸರ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿದ, ಮೊಬೈಲಿನಲ್ಲಿ ನೋಡಿದ, ಕೊನೆಗೆ ಜಿನೇಶನ ಮುಖವನ್ನೂ ನೋಡಿದ.

"ಸೀಲ್ ಪಕ್ಕಾ ಐತಿ ಭಾಯ್. ಮಿಷಿನ್ ನಿಮ್ದ. ಚಾ ಕುಡದು ಕೈ ಬದಲಿ ಮಾಡೂಣು. ತಡೀರಿ, ಒಳಗ ಹೇಳಿ ಬರ್ತೀನಿ." ನಾಣ್ಯವನ್ನು ಮೇಜಿನ ಮೇಲಿಟ್ಟು ಅವನು ಒಳಗೆ ಹೋದ.

ಅಲ್ಲೇ ಆದದ್ದು ಅನಾಹುತ! ತಲೆಮಾರುಗಳಿಂದ ಪಾತ್ರೆ ಮಾರಿದ ಮನೆತನ. ಹೆಸರಿಲ್ಲದ ಲೋಹವನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಒಂದು ಚಮಚ ಕೊಟ್ಟರೂ ಹೆಸರು ಹಾಕಿ ಕೊಟ್ಟವರು. ಇಷ್ಟು ದೊಡ್ಡ ವಸ್ತುವನ್ನು ಬೋಳು ಬೋಳಾಗಿ ಕೊಡುವುದೇ? ನಾಲ್ಕು ಮಂದಿ ಏನಂದಾರು? ಹೇಗೂ ಮಿಷಿನ್ ತನ್ನದೇ ಆಗಿದೆ. ಲೇಸರ್ ಕಣ್ಣಿಗೆ ಹೊಡೆಯದಂತೆ ಮಿಷಿನ್ ಪಕ್ಕ ಇಟ್ಟಿದ್ದ ಹಸಿರು ಕನ್ನಡಕವನ್ನು ಜಿನೇಶ ಏರಿಸಿದ, ಮಿಷಿನ್ನಿಗೆ ಅಕ್ಷರ ತುಂಬಿದ: "ಪ್ರೀತಿಯಿಂದ ಜಿನೇಶ, ಖಾಸಬಾಗ." ಆ ಕನ್ನಡಕದಲ್ಲಿ ಬಂಗಾರವೂ ಹಸಿರು, ಸ್ಟಿಕರೂ ಹಸಿರು, ಇಡೀ ಜಗತ್ತೇ ಹಸಿರು! ಕೈಗೆ ಬಂದ ಬದಿಯನ್ನು ಮೇಲೆ ಮಾಡಿ ಗುಂಡಿ ಒತ್ತಿದ.

ಚಿರ್ ಎಂದಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಚಹಾದ ಕಪ್ಪು ಹಿಡಿದು ಬಂದ ಮುದಸ್ಸರ ಬಾಗಿಲಲ್ಲೇ ನಿಂತ.

"ಯಾ ಅಲ್ಲಾ! ಏನ್ ಮಾಡಿದ್ರಿ?"

"ಹೆಸರು ಹಾಕಿದ್ನಿರಿ. ನಮ್ಮಲ್ಲಿ ಪದ್ಧತಿ."

"ನಂಬರಿನ ಮ್ಯಾಲ ಹಾಕೀರಲ್ರೀ!"

ಕನ್ನಡಕ ತೆಗೆದು ನೋಡಿದರೆ, ಗುಪ್ತ ನಂಬರು ಇದ್ದ ಜಾಗದಲ್ಲಿ "ಪ್ರೀತಿಯಿಂದ" ಕರ್ರಗೆ ಕೂತಿತ್ತು. ನಂಬರು ಸುಟ್ಟು ಬೂದಿ!

"ರೊಕ್ಕ ಹೋತೇನ್ರಿ?" ಜಿನೇಶನ ದನಿ ಬಾವಿಯಿಂದ ಬಂತು.

ಮುದಸ್ಸರ ಮೊಬೈಲ್ ತೋರಿಸಿದ. "ಎಲ್ಲಿ ಹೋಗತೈತಿ? ಇಲ್ಲೇ ಕಾಣಸ್ತೈತಿ ನೋಡ್ರಿ. ಆದ್ರ ನಿಮಗೂ ತಗೋಳಾಕ ಬರೂದಿಲ್ಲ, ನನಗೂ ಬರೂದಿಲ್ಲ, ದುನಿಯಾದಾಗ ಯಾರಿಗೂ ಬರೂದಿಲ್ಲ."

"ಅಂದ್ರ ಸೇಫ್ ಐತಿ?"

"ಭಾಳ ಸೇಫ್ ಐತಿ ಭಾಯ್!"

ಜಿನೇಶ ಸ್ಕೂಟರನ್ನು ಎತ್ತಿನ ಗಾಡಿಯಂತೆ ಓಡಿಸಿಕೊಂಡು ಬಂದ. ಬೆಳಗಾವಿ ಮುಟ್ಟುವಾಗ ಹೊತ್ತು ಮುಳುಗಿತ್ತು. ಊಟವೂ ಹೋಯಿತು. ಬಾಗಿಲಲ್ಲಿದ್ದ ತ್ರಿಶಲಾಳ ಎದುರು ಎಲ್ಲವನ್ನೂ ಒದರಿಬಿಟ್ಟ. ಆಕೆ ಮೊದಲು ಬಾಯಿ ತೆರೆದು ನಿಂತಳು, ಆಮೇಲೆ ನಗಲು ಶುರು ಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗೆ ನಿಲ್ಲಲಿಲ್ಲ.

"ನಿನ್ನ ಕೈಗೆ ಆರಾಮ ಆಗ್ಲಿ ಅಂತ ಹೋಗಿದ್ನಿ, ತ್ರಿಶಲಾ" ಎಂದ ಜಿನೇಶ. ಅವನ ಕಣ್ಣು ತುಂಬಿತ್ತು.

ಆಕೆಯ ನಗೆ ನಿಂತಿತು. "ಕುಂದರ್ರಿ. ಅದನ್ನ ಇತ್ತ ಕೊಡ್ರಿ." ನಾಣ್ಯವನ್ನು ದೀಪದ ಕೆಳಗೆ ಹಿಡಿದು, ಕಸುಬಿನವರ ಕಣ್ಣಿನಿಂದ ತಿರುಗಿಸಿ ನೋಡಿದಳು. "ಏನ ಅನ್ರಿ, ಅಕ್ಷರ ನನಗಿಂತ ಚಂದ ಬಿದ್ದಾವ. ಮಿಷಿನ್ ಮಾತ್ರ ನಮಗ ಬೇಕ ಬೇಕು."

ಮರುದಿನ ಬೆಳಿಗ್ಗೆ ಆಕೆಯೇ ಖಾನಾಪುರಕ್ಕೆ ಫೋನು ಹಚ್ಚಿದಳು. ಮುದಸ್ಸರನ ಹೆಂಡತಿ ಕರೀಮುನ್ನಿಸಾ ಎತ್ತಿದಳು. ಇಬ್ಬರೂ ಬಿಸಿಲು, ಮೊಣಕಾಲು, ಮಕ್ಕಳು ಎಲ್ಲವನ್ನೂ ಮಾತಾಡಿ ಮುಗಿಸುವ ಹೊತ್ತಿಗೆ ಕರೀಮುನ್ನಿಸಾಳ ಮಗಳು ಕೈನಾತಳ ಮದುವೆ ಗೊತ್ತಾಗಿರುವ ಸುದ್ದಿ ಹೊರಬಿತ್ತು. ಅಲ್ಲಿಗೆ ವ್ಯಾಪಾರ ಕುದುರಿತು. ಮದುವೆಯ ಸ್ಟೀಲ್ ಸಾಮಾನೆಲ್ಲ ಇವರ ಅಂಗಡಿಯಿಂದ, ಅದರ ಬದಲಿಗೆ ಮಿಷಿನ್!

ವಾರದೊಳಗೆ ಮಿಷಿನ್ ಬಂತು. ಜಿನೇಶ ಅದಕ್ಕೆ ಹೂ ಏರಿಸಿ, ಮೀಸೆ ತೀಡಿ, ಕೈನಾತಳ ಮೊದಲ ತಾಟನ್ನು ಅದರ ಕೆಳಗೆ ಇಡಲು ಹೋದ.

"ತಡೀರಿ. ಕರೀಮುನ್ನಿಸಾ ಅವರ ಒಂದು ಕರಾರು ಐತಿ" ಎಂದಳು ತ್ರಿಶಲಾ. "ಅವರ ಮನ್ಯಾಗ ಬಾಗಲಿಂದ ಹಿಡದು ಬಕೀಟಿನ ತನಕ ಎಲ್ಲಾದರ ಮ್ಯಾಲೂ ಅವರ ಯಜಮಾನ್ರು ಲೇಸರ್‌ಲೆ ಹೆಸರು ಬರದಾರಂತ. ಅವರಿಗೆ ನೋಡಿ ನೋಡಿ ವಾಕರಿಕಿ ಬಂದೈತಿ. ಮಗಳ ಸಾಮಾನಿಗೆ ಕೈಬರಹಾನ ಆಗಬೇಕಂತ. ನಾ ಹೂಂ ಅಂದೀನಿ."

"ಹೂಂ ಅಂದ್ಯಾ? ನಿನ್ನ ಕೈ?"

"ನನ್ನ ಕೈ ರಿಟೈರ್ ಆಗೇತಿ. ನಾ ಯಾರ ಕೈ ಅಂತ ಹೇಳಿಲ್ಲ."

ಅಂದಿನಿಂದ ತ್ರಿಶಲಾ ಮಿಷಿನ್ ಮುಂದೆ ಮಹಾರಾಣಿಯಂತೆ ಕೂತು ಒಂದು ಬೆರಳಿನಿಂದ ಗಿರಾಕಿಗಳ ಹೆಸರು ಬರೆಯುತ್ತಾಳೆ, ಇನ್ನೊಂದು ಕೈಯಲ್ಲಿ ಚಹಾ. ಮೂಲೆಯಲ್ಲಿ ಪಾತ್ರೆಗಳ ಗುಡ್ಡದ ನಡುವೆ ಜಿನೇಶ, ಕೈಯಲ್ಲಿ ಗುರ್ ಎನ್ನುವ ಪೆನ್ನು. ಪೆನ್ನಿನ ಜೊತೆ ಅವನ ಹಲ್ಲೂ ಗುರ್ ಎನ್ನುತ್ತದೆ.

ತ್ರಿಶಲಾ ಒಮ್ಮೆ ಬಗ್ಗಿ ನೋಡಿದಳು. "ಏನ್ರೀ, ಆ ಡಬರಿ ಮ್ಯಾಲಿನ ಹೆಸರು ಸೊಟ್ಟ ಬಂದೈತಿ. ಅಳಿಸಿ ಬರೀರಿ."

"ಹುಚ್ಚಿ ಇದ್ದೀ ಏನ? ಲೋಹದ ಮ್ಯಾಲೆ ಒಮ್ಮೆ ಕೊರದ್ರ ಮುಗೀತು, ಅಳಸಾಕ ಬರೂದಿಲ್ಲ!"

ತ್ರಿಶಲಾ ಚಹಾ ಹೀರಿದಳು. "ಇಷ್ಟು ಶಾಣ್ಯಾತನ ಅವತ್ತು ಖಾನಾಪುರಕ್ಕ ಹೋಗೂ ಮುಂದ ಮನ್ಯಾಗ ಬಿಟ್ಟು ಹೋಗಿದ್ರೇನು?"