ಬಲಗಡೆಯ ಹೊಳ್ಳೆ

ಉತ್ತರಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ, ಆರು ಗಂಟೆಗೆ, ಅತ್ತೆ ವಾಷಿಂಗ್ ಮಷೀನ್ ಹಾಕಿದರು. ಸೊಸೆ ಎದ್ದು ಬರುವಷ್ಟರಲ್ಲಿ, ತೀರಿಕೊಂಡ ಗಂಡನ ಅಂಗಿ, ಪ್ಯಾಂಟು, ಬನಿಯನ್ನು, ದಿಂಬಿನ ಕವರು, ಮನೆಯಲ್ಲಿದ್ದ ಅಷ್ಟೂ ಟವೆಲು ನೊರೆಯೊಳಗೆ ತಿರುಗುತ್ತಿದ್ದವು.

“ಮಲಗಿದ್ರೆ ಏನೇನೋ ಯೋಚನೆ ಬರುತ್ತೆ ಕಣಮ್ಮ,” ಅಂದರು ಅತ್ತೆ. “ಕೈಗೊಂದು ಕೆಲಸ ಇರಲಿ ಅಂತ.”

ಮಗನನ್ನು ಕಳೆದುಕೊಂಡವರ ಜೊತೆ ಬಟ್ಟೆಗಾಗಿ ಜಗಳವಾಡುವುದು ಹೇಗೆ? ರೈಲು ತಪ್ಪಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತವಳಂತೆ ಅವಳು ಮಷೀನಿನ ದುಂಡು ಗಾಜನ್ನು ನೋಡುತ್ತ ನಿಂತಳು.

ಉಳಿದದ್ದು ಒಂದೇ. ಮಲಗುವ ಕೋಣೆಯ ಬಾಗಿಲ ಹಿಂದೆ, ಲಿಫ್ಟ್ ರಿಪೇರಿ ಕಂಪನಿ ತನ್ನ ಮೆಕ್ಯಾನಿಕ್‌ಗಳಿಗೆ ಕೊಡುವ ನೀಲಿ ಜಾಕೆಟ್. ಎರಡು ವಾರದ ಹಿಂದೆ ಕೆಲಸದಿಂದ ಬಂದು ಅದನ್ನು ಮೊಳೆಗೆ ಸಿಕ್ಕಿಸಿ ಮಲಗಿದವನು ಮತ್ತೆ ಎದ್ದಿರಲಿಲ್ಲ. ಅವಳು ಕಾಲರಿಗೆ ಮೂಗು ಒತ್ತಿ ಉಸಿರೆಳೆದಳು. ಏನೂ ಇಲ್ಲ. ಜಾಕೆಟಿನ ತಪ್ಪಲ್ಲ, ಎರಡು ಹೊಳ್ಳೆಯೂ ಸಿಮೆಂಟು ಮೆತ್ತಿದಂತೆ ಮುಚ್ಚಿದ್ದವು.

ಧೂಳಿನ ಅಲರ್ಜಿ ಅವಳಿಗೆ ಹಳೆಯದು. ನಾಲ್ಕು ತಿಂಗಳಿಂದ ಮೂಗಿಗೆ ಸ್ಪ್ರೇ ಹೊಡೆದುಕೊಳ್ಳದೆ ಉಸಿರೇ ಇರಲಿಲ್ಲ. ಕೊನೆಯ ಬಾಟಲಿ ನಿನ್ನೆ ಖಾಲಿಯಾಗಿತ್ತು. ಸೋರುವ ಮೂಗು, ಕೆಂಪು ಕಣ್ಣು ನೋಡಿ ಬಂದವರೆಲ್ಲ, “ಎಷ್ಟು ಅಳ್ತಾಳೆ ಪಾಪ,” ಅಂದಿದ್ದರು. ಅವಳು ಒಮ್ಮೆಯೂ ಅತ್ತಿರಲಿಲ್ಲ. ಎಲ್ಲವನ್ನೂ ಮೂಗೇ ನಿಭಾಯಿಸಿತ್ತು.

ಮನುಷ್ಯನ ವಾಸನೆ ಬಟ್ಟೆಯಲ್ಲಿ ಎಷ್ಟು ದಿನ ಉಳಿಯುತ್ತದೋ ಅವಳಿಗೆ ತಿಳಿಯದು. ಒಂದೇ ಒಂದು ಸಲ ಸಿಕ್ಕಿದರೆ ಸಾಕಿತ್ತು.

“ಅದೊಂದು ಬಿಟ್ಟೋಗಿತ್ತಲ್ಲ, ಕೊಡು,” ಎಂದು ಅತ್ತೆ ಕೈಚಾಚಿದರು. “ಇನ್ನೊಂದು ರೌಂಡಿಗೆ ಹಾಕ್ತೀನಿ.”

“ಚಳಿ ಆಗ್ತಿದೆ ಅತ್ತೆ,” ಎಂದು ಅವಳು ಜಾಕೆಟ್ ತೊಟ್ಟುಕೊಂಡಳು. ಕಿಟಕಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಒಂಬತ್ತಕ್ಕೆ ಮೇಲಿನ ಮನೆಯ ಮೇಷ್ಟ್ರು ಹಬೆಯಾಡುವ ಪಾತ್ರೆ ಹಿಡಿದು ಇಳಿದು ಬಂದರು. ನಿವೃತ್ತ ವಿಜ್ಞಾನ ಮೇಷ್ಟ್ರು. ಊರಿನ ಯಾವ ಕಾಯಿಲೆಯೂ ಅವರ ಮನೆಮದ್ದಿನಿಂದ ತಪ್ಪಿಸಿಕೊಂಡಿರಲಿಲ್ಲ.

“ಅತ್ತೂ ಅತ್ತೂ ಮೂಗು ಕಟ್ಟಿದೆ ಮಗಳೇ. ಅರ್ಧ ಡಬ್ಬಿ ಮುಲಾಮು ಹಾಕಿದ್ದೀನಿ. ಹೊದ್ದುಕೊಳ್ಳೋಕೆ ಒಂದು ಟವೆಲ್ ತಗೊಂಡು ಬಾ.”

“ಟವೆಲ್ ಒಂದೂ ಒಣಗಿಲ್ಲವಲ್ಲ,” ಅಂದರು ಅತ್ತೆ.

“ಈ ಜಾಕೆಟ್ಟೇ ಸಾಕು ಬಿಡಿ,” ಎಂದು ಮೇಷ್ಟ್ರು ಅವಳನ್ನು ಪಾತ್ರೆಯ ಮುಂದೆ ಕೂರಿಸಿ, ಅದರ ಕಾಲರನ್ನು ಹಿಡಿದು ಅವಳ ತಲೆಯ ಮೇಲೆ ಎಳೆದರು.

ಮುಲಾಮಿನ ಹಬೆಗೆ ಕಾಲರು ಸಿಕ್ಕಿದರೆ ಎಲ್ಲ ಮುಗಿದಂತೆ. ಅವಳು ಛಂಗನೆ ಎದ್ದಳು. ಪಾತ್ರೆ ಮಗುಚಿ ಮೇಷ್ಟ್ರ ಪಾದದ ಮೇಲೆ ಬಿತ್ತು.

“ದುಃಖ, ಎಲ್ಲ ದುಃಖ,” ಎಂದು ಮೇಷ್ಟ್ರು ಒಂಟಿಗಾಲಲ್ಲಿ ಕುಪ್ಪಳಿಸುತ್ತ ಸಮಾಧಾನ ಹೇಳಿದರು. “ನೀನು ಬೇಜಾರು ಮಾಡ್ಕೋಬೇಡ. ನೀರು ಅಷ್ಟೇನೂ ಕಾದಿರಲಿಲ್ಲ.”

ಅವಳು ಜಾಕೆಟ್ ಸಮೇತ ಔಷಧಿ ಅಂಗಡಿಗೆ ಓಡಿದಳು. ಅಂಗಡಿಯವರು ಖಾಲಿ ಬಾಟಲಿಯನ್ನು ತಿರುಗಿಸಿ ನೋಡಿದರು.

“ಎಷ್ಟು ದಿನದಿಂದ ಹಾಕ್ತಿದ್ದೀರಮ್ಮ?”

“ನಾಲ್ಕು ತಿಂಗಳು.”

“ಮೂರು ದಿನಕ್ಕಿಂತ ಹೆಚ್ಚು ಬೇಡ ಅಂತ ಇದರ ಮೇಲೇ ಬರೆದಿದೆ. ಈಗ ನಿಮ್ಮ ಮೂಗು ಕಟ್ಟಿಸ್ತಿರೋದು ಬರೀ ಅಲರ್ಜಿ ಅಲ್ಲ, ಈ ಸ್ಪ್ರೇ. ಡಾಕ್ಟರಿಗೆ ತೋರಿಸಿ. ನಿಲ್ಲಿಸಿದರೆ ಒಂದೆರಡು ವಾರದಲ್ಲಿ ತಾನೇ ಬಿಡುತ್ತೆ.”

“ಅಷ್ಟು ದಿನ ಇರಲ್ಲ ಅಣ್ಣ.”

“ಯಾರು?”

ಅವಳು ಜಾಕೆಟಿನ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡಳು. ಅವರು ಅವಳ ಕಣ್ಣು ನೋಡಿದರು, ಜಾಕೆಟ್ ನೋಡಿದರು, ಕಪಾಟಿನತ್ತ ತಿರುಗಿದರು.

“ಒಂದು ಕೆಲಸ ಮಾಡಿ. ಎಡಗಡೆಗೆ ಇವತ್ತೇ ನಿಲ್ಲಿಸಿ. ಬಲಗಡೆಗೆ ಮಾತ್ರ ಸ್ವಲ್ಪ ದಿನ ಹಾಕಿ, ಆಮೇಲೆ ಅದನ್ನೂ ಬಿಡಿ. ಕೆಲವರು ಹಾಗೆ ಬಿಡಿಸಿಕೊಳ್ತಾರೆ.”

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿ ಬಲಗಡೆಗೆ ಹೊಡೆದುಕೊಂಡಳು. ಐದು ನಿಮಿಷ ಕಾದಳು. ಒಂದು ಹೊಳ್ಳೆ ತೆರೆಯಿತು. ಕಣ್ಣು ಮುಚ್ಚಿ ಕಾಲರನ್ನು ಹತ್ತಿರ ತಂದಳು.

ಸಿಗರೇಟು. ಸಿಗರೇಟನ್ನು ಮುಚ್ಚಲು ತಿಂದ ಪೆಪ್ಪರ್‌ಮಿಂಟು.

ಅವಳ ಗಂಡ ಸಿಗರೇಟು ಸೇದುತ್ತಿರಲಿಲ್ಲ. ಸೇದುವುದಿಲ್ಲ ಎಂದು ಮದುವೆಗೆ ಮುಂಚೆಯೇ ಮಾತು ಕೊಟ್ಟಿದ್ದ.

“ಎಷ್ಟು ದಿನದಿಂದ?” ಎಂದು ಕಾಲರನ್ನು ಕೇಳಿದಳು. “ಇವಳ ಮೂಗು ಹೇಗೂ ಕಟ್ಟಿದೆ, ಗೊತ್ತಾಗಲ್ಲ ಅಂತ ಧೈರ್ಯ ಅಲ್ವಾ ನಿಮಗೆ?”

ಮಾತಿಗೆ ಮಾತು ಬೆಳೆಯಿತು. ಎರಡೂ ಕಡೆಯ ಮಾತನ್ನು ಅವಳೇ ಆಡಬೇಕಾಯಿತು, ಆದರೂ ಬೆಳೆಯಿತು. ಎರಡು ವಾರದಲ್ಲಿ ಮೊದಲ ಸಲ ಅವನು ಆ ಕೋಣೆಯಲ್ಲಿದ್ದ, ತಪ್ಪು ಮಾಡಿ ಸಿಕ್ಕಿಬಿದ್ದ ಮುಖ ಮಾಡಿಕೊಂಡು.

ಅತ್ತೆ ಬಾಗಿಲು ಸರಿಸಿ ಇಣುಕಿದರು. “ಯಾರ ಜೊತೆಯಮ್ಮ ಮಾತು?”

“ನಿಮ್ಮ ಮಗನ ಜೊತೆ.”

“ಜಗಳಾನಾ?”

“ಹೂಂ.”

“ಆಡು,” ಎಂದು ಅತ್ತೆ ಮೆಲ್ಲಗೆ ಬಾಗಿಲು ಮುಚ್ಚಿದರು.

ಸಂಜೆ ಕರೆಗಂಟೆ ಸದ್ದಾಯಿತು. ಗಂಡನ ಜೊತೆ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್, ಕೈಯಲ್ಲೊಂದು ಕಾಗದದ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಬಲಗಡೆಯ ಹೊಳ್ಳೆಗೆ ತಿಳಿಯಿತು. ಸಿಗರೇಟು, ಪೆಪ್ಪರ್‌ಮಿಂಟು.

“ಅತ್ತಿಗೆ, ಇದು ಅವನ ಜಾಕೆಟ್,” ಎಂದು ಕಟ್ಟನ್ನು ಅವಳ ಕೈಗಿಟ್ಟರು. “ಆವತ್ತು ಇದರ ಮೇಲೆ ಗ್ರೀಸ್ ಚೆಲ್ಕೊಂಡಿದ್ದ. ಬಸ್ಸಲ್ಲಿ ಹೇಗೆ ಹೋಗ್ಲಿ, ನಿನ್ನ ಜಾಕೆಟ್ ಕೊಡು, ನಾಳೆ ತರ್ತೀನಿ ಅಂದ.” ಅವರು ಕಟ್ಟಿನ ಕಾಗದದ ಒಂದು ಮೂಲೆ ಸರಿಸಿ ತೋರಿಸಿದರು. “ಹಾಗೇ ಗಲೀಜಾಗಿ ತಂದುಕೊಡೋಕೆ ಮನಸ್ಸು ಬರಲಿಲ್ಲ. ಎರಡು ಸಲ ಒಗೆಸಿ ಇಸ್ತ್ರಿ ಮಾಡಿಸಿದ್ದೀನಿ. ಕಾಲರಲ್ಲೂ ಒಂದು ಕಲೆ ಇಲ್ಲ, ನೋಡಿ.”

ಅವಳು ಕಾಗದ ಬಿಡಿಸಿ ಮೂಗಿನ ಹತ್ತಿರ ಹಿಡಿದಳು. ಸೋಪು, ಇಸ್ತ್ರಿಯ ಬಿಸಿ. ಹೊಳ್ಳೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು.

ಮೈಮೇಲಿದ್ದ ಜಾಕೆಟನ್ನು ತೆಗೆದು, ಗುಂಡಿ ಹಾಕಿ, ತೋಳು ಮಡಚಿ, ಅವರ ಕೈಗೆ ಕೊಟ್ಟಳು.

“ತುಂಬ ಚೆನ್ನಾಗಿ ಒಗೆಸಿದ್ದೀರಿ,” ಅಂದಳು.