ಹೆರಿಗೆಗೆಂದು ಕೊಂಡ ಕಾರು

ಕಾರು ಇಟ್ಟುಕೊಂಡವರ ಮನೆಯಲ್ಲಿ ನಗುವಿಗೆ ಯಾವತ್ತೂ ಬರ ಇಲ್ಲ. ನಗುವವರು ಬೇರೆಯವರು, ಅಷ್ಟೇ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಾವು ಬಾಗಲಗುಂಟೆಯಲ್ಲಿ ಬಾಡಿಗೆಗೆ ಇದ್ದಾಗ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಕಾರು, ಅದು ನಮ್ಮದು. ಹಾಗಾಗಿ ಬೀದಿಯವರಿಗೆ ಹೊತ್ತು ಹೋಗದಿದ್ದಾಗಲೆಲ್ಲ ನಮ್ಮ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ಏನಾದರೊಂದು ಆಗಿಯೇ ಆಗುತ್ತಿತ್ತು, ಯಾರೂ ಬರಿಗೈಯಲ್ಲಿ ವಾಪಸು ಹೋದದ್ದಿಲ್ಲ.

ಹಗ್ಗ ಕಟ್ಟಿಕೊಂಡು ಬಂದ ಭಾಗ್ಯ

ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಫಿಟ್ಟರ್‌ಗೆ ಕಾರು ಯಾಕಪ್ಪಾ ಅಂತ ಕೇಳದವರಿಲ್ಲ. ನಾನು ಮಾತ್ರ ಕೇಳಲಿಲ್ಲ.

ಮೊದಲನೇ ಸಲ ಬಸುರಿಯಾದಾಗ ನಾವಿದ್ದದ್ದು ಇನ್ನೂ ಒಳಗಡೆ, ಬಸ್ಸು ಕಾಣದ ಕಡೆ. ನೋವು ಬಂದ ದಿನ ಆಟೋ ಸಿಗಲಿಲ್ಲ, ಜಟಕಾನೂ ಸಿಗಲಿಲ್ಲ. ಕಡೆಗೆ ಕಬ್ಬಿಣದ ಸರಳು ತುಂಬಿಕೊಂಡು ಹೋಗುತ್ತಿದ್ದ ಟೆಂಪೋ ಒಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿ, ಸರಳಿನ ಮೇಲೆ ಕಂಬಳಿ ಹಾಸಿ ನನ್ನನ್ನು ಮಲಗಿಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಮಗು ಅಳಲೇ ಇಲ್ಲ. ಮನೆಗೆ ವಾಪಸು ಬರುವಾಗ ಅವರು ಅಂದದ್ದು ಒಂದೇ ಮಾತು: "ಮುಂದಿನ ಸಲ ಬಾಗಿಲಲ್ಲಿ ನಮ್ದೇ ಗಾಡಿ ಇರತ್ತೆ ಕಣೇ."

ನಾನು ಮತ್ತೆ ಬಸುರಿಯಾದೆ. ಅವರು ಅಂದಂತೆ ಒಂದು ದಿನ ಕಾರು ತಂದೇಬಿಟ್ಟರು. ಯಾರೋ ಓಡಿಸಿ ಓಡಿಸಿ ಸಾಕಾಗಿ ಮಾರಿದ ಹಳೇ ಕಾರು. ಮುಂದೆ ಒಂದು ಟೆಂಪೋ, ಅದರ ಹಿಂದೆ ಹಗ್ಗ, ಹಗ್ಗದ ತುದಿಗೆ ನಮ್ಮ ಕಾರು. ಸ್ಟೇರಿಂಗ್ ಹಿಡಿದು ನಮ್ಮವರು ಮದುವಣಿಗನ ಥರ ಕೂತಿದ್ದರು. ನಾನು ಆರತಿ ತಟ್ಟೆ ಹಿಡಿದು ಯಾವುದಕ್ಕೆ ಎತ್ತಬೇಕು ಅಂತ ತಿಳಿಯದೆ ನಿಂತಿದ್ದೆ.

ನಮ್ಮ ಮನೆ ಓನರ್ ಅಂದರೆ ಒಬ್ಬ ಅಜ್ಜಿ. ಬಾಗಲಗುಂಟೆಯ ಮೂಲದ ಗೌಡರ ಮನೆಯವರು, ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಸಾಲು ಮನೆ ಕಟ್ಟಿಸಿ ನಮ್ಮಂಥವರಿಗೆ ಬಾಡಿಗೆ ಕೊಟ್ಟಿದ್ದರು. ಜಗಲಿಯಿಂದ ಎದ್ದು ಬಂದು ಟೆಂಪೋ ನೋಡಿದರು, ಕಾರು ನೋಡಿದರು.

"ಮುಂದ್ಲುದು ಚೆಂದಾಗಿ ಓಡ್ತೈತಲ್ಲಪ್ಪಾ," ಅಂದರು. "ಅದುನ್ ಬುಟ್ಟು ಇಂದ್ಲುದ್ಯಾಕ್ ತಗಂಡೆ?"

ಟಕ್ ಟಕ್

ನಮ್ಮ ಬೀದಿಯ ಗಂಡಸರೆಲ್ಲ ಪೀಣ್ಯದವರೇ. ಪಕ್ಕದ ಮನೆಯವರು ಟರ್ನರ್, ಎದುರು ಮನೆಯವರು ಎಲೆಕ್ಟ್ರಿಷಿಯನ್. ಕಾರಿಗೆ ಒಂದು ಸೀನು ಬಂದರೂ ಇಬ್ಬರೂ ಹಾಜರು. ಗ್ಯಾರೇಜಿಗೆ ಒಯ್ಯುವುದೆಂದರೆ ಇವರಿಗೆ ಮರ್ಯಾದೆ ಪ್ರಶ್ನೆ. "ನಾವಿರುವಾಗ ಗ್ಯಾರೇಜ್ ಯಾಕೆ ಗುರು?" ಅನ್ನುತ್ತಿದ್ದರು.

ಹೇಗೋ ಕಷ್ಟಪಟ್ಟು ಮೂವರೂ ಸೇರಿ ಕಾರನ್ನು ಓಡುವ ಹಾಗೆ ಮಾಡಿದರು. ಒಂದು ಭಾನುವಾರ ಎಂಜಿನ್ ಚಾಲೂ ಮಾಡಿದರೆ ಟಕ್ ಟಕ್ ಟಕ್ ಅಂತ ಹೊಸದೊಂದು ಶಬ್ದ. ಆಫ್ ಮಾಡಿದರೆ ಶಬ್ದವೂ ಬಂದ್.

ಟರ್ನರ್ ಬಾನೆಟ್ ಮೇಲೆ ಕಿವಿಯಿಟ್ಟು, "ಬೇರಿಂಗ್ ಹೋಗಿದೆ," ಅಂದರು.

"ಬೇರಿಂಗೂ ಇಲ್ಲ, ಮಣ್ಣೂ ಇಲ್ಲ. ಕರೆಂಟ್ ಸರಿಯಾಗಿ ಬರ್ತಿಲ್ಲ," ಅಂದರು ಎಲೆಕ್ಟ್ರಿಷಿಯನ್.

ನಮ್ಮವರು ಬಿಡುತ್ತಾರೆಯೇ? "ಎಲ್ಲೋ ಫಿಟ್ಟಿಂಗ್ ಲೂಸ್ ಆಗಿದೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಇವರದು ಕಿವಿಯ ಕಾಮಾಲೆ. ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ಶಬ್ದವೇ ಇಲ್ಲ. ಎಂಜಿನ್ ಆಫ್ ಮಾಡದೆ ಮನೆ ಮುಂದೆ ನಿಲ್ಲಿಸಿದ ಕೂಡಲೇ ಮತ್ತೆ ಟಕ್ ಟಕ್. ಟರ್ನರ್ ಮುಖ ಗಂಭೀರವಾಯಿತು. "ಓಡುವಾಗ ಬರಲ್ಲ, ನಿಂತಾಗ ಬರತ್ತೆ. ಇದು ಡೇಂಜರ್ ಕೇಸು ಗುರು."

ಬಿಚ್ಚಿದರು. ನಾನು ಹಪ್ಪಳ ಒಣಗಿಸುವ ಚಾಪೆ ತುಂಬ ಕಾರಿನ ಕರುಳು ಹರಡಿದರು. ನಾನು ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಒಂದೊಂದನ್ನೇ ಎಣಿಸುತ್ತಿದ್ದೆ. ಇದನ್ನೆಲ್ಲ ಮತ್ತೆ ಒಳಗೆ ಸೇರಿಸುತ್ತಾರಾ, ಇಲ್ಲಾ ನನ್ನ ಹಣೆಬರಹಕ್ಕೆ ಇನ್ನೊಂದು ಸಲ ಕಬ್ಬಿಣದ ಟೆಂಪೋನೇ ಗತಿಯಾ? ಮಧ್ಯಾಹ್ನದ ಹೊತ್ತಿಗೆ ಎಲ್ಲ ಜೋಡಿಸಿ ಚಾಲೂ ಮಾಡಿದರು. ಟಕ್ ಟಕ್ ಟಕ್.

ಕಾಫಿ ಕೊಡಲು ಹೊರಗೆ ಬಂದವಳು ಸುಮ್ಮನೆ ಜಗಲಿ ಕಡೆ ತಿರುಗಿದೆ. ಅಜ್ಜಿ ಕುಟ್ಟಾಣಿ ಮುಂದಿಟ್ಟುಕೊಂಡು ಎಲೆ ಅಡಿಕೆ ಕುಟ್ಟುತ್ತಿದ್ದರು. ನಮ್ಮವರು ಎಂಜಿನ್ ಆಫ್ ಮಾಡಿದರು. ಅಜ್ಜಿಯೂ ಕುಟ್ಟುವುದನ್ನು ನಿಲ್ಲಿಸಿ ಇವರ ಕಡೆ ಕತ್ತು ಚಾಚಿದರು.

"ಅಜ್ಜೀ, ಸ್ವಲ್ಪ ಕುಟ್ಟಾಣಿ ಕೆಳಗಿಡಿ. ರೀ, ಈಗ ಚಾಲೂ ಮಾಡ್ರೀ," ಅಂದೆ. ಎಂಜಿನ್ ಒಂದು ಟಕ್ ಕೂಡ ಅನ್ನದೆ ಬೆಣ್ಣೆಯ ಹಾಗೆ ಓಡಿತು. ಮೂವರ ಮುಖ ನೋಡಬೇಕಿತ್ತು.

"ಅಯ್ಯೋ ನಿಮ್ಮನೆ ಕಾಯೋಗ! ಒತ್ತಾರೆಯಿಂದ ಉಡುಕ್ತಿದ್ದುದ್ದು ಇದುನ್ನಾ?" ಅಂದರು ಅಜ್ಜಿ. "ಕಾರ್ ಸದ್ದು ನಿಂತಾಗೆಲ್ಲ ನಾನೂ ನಿಲ್ಸ್ತಿದ್ದೆ ಕಣ್ರಪ್ಪಾ, ನೀವು ಮಾತಾಡಾದು ಕೇಳ್ಸ್ಲಿ ಅಂತ. ಬಲೇ ಚೆಂದಾಗಿ ಮಾತಾಡ್ತಿದ್ರಿ."

ಹಾಸಿಗೆ

ಇದಾದ ಮೇಲೆ ನಮ್ಮವರಿಗೆ ಕಾರು ಮುಟ್ಟುವುದಕ್ಕೇ ಭಯ. ಓಡಿಸಿದರೆ ಸವೆಯುತ್ತದಂತೆ. ಬಾಗಿಲಲ್ಲಿ ಕಾರು, ಇವರಿಗೆ ಕಾರ್ಖಾನೆಗೆ ಹೋಗಲು ಸೈಕಲ್ಲು. "ರೀ, ಒಂದ್ಸಲ ಯಶವಂತಪುರದ ಸಂತೆಗಾದ್ರೂ ಕರ್ಕೊಂಡ್ ಹೋಗ್ರೀ," ಅಂತ ಜಗಳ ತೆಗೆದೆ. "ಆ ದಿನಕ್ಕೆ ಬೇಕಲ್ಲ ಕಣೇ," ಅಂದರು. ನಾನು ಸಂತೆ ಚೀಲವನ್ನು ಮತ್ತೆ ಮೊಳೆಗೆ ತಗುಲಿಸಿದೆ.

ನಿಂತ ಕಾರಿನ ಬ್ಯಾಟರಿ ಕೂತುಹೋಗುತ್ತದೆ ಅಂತ ಯಾರೋ ಹೆದರಿಸಿದರು. ಅಲ್ಲಿಂದ ದಿನಾ ಬೆಳಗ್ಗೆ ಚಾಲೂ ಮಾಡಿ, ಅದರೊಳಗೇ ಕೂತು ಕಾಫಿ ಕುಡಿಯುವುದು ಶುರುವಾಯಿತು. ಬೀದಿಯವರು ನಕ್ಕರು, ನಾನೂ ನಕ್ಕೆ. ಒಂದು ಬೆಳಗ್ಗೆ ಲೋಟ ಇಸಿದುಕೊಳ್ಳಲು ಹೋದರೆ ಇವರು ಸ್ಟೇರಿಂಗ್ ಮುಂದೆ ಇಲ್ಲ. ಹಿಂದಿನ ಸೀಟಿನ ಮೇಲೆ ಮಂಡಿಯೂರಿ ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಿದ್ದಾರೆ.

"ಏನ್ರೀ ಅದು?"

"ಸ್ಪ್ರಿಂಗ್ ಎದ್ದಿದೆಯೇನೋ ಅಂತ. ಆವತ್ತು ನಿಂಗೆ ಸರಳು ಚುಚ್ಚಿತ್ತಲ್ವಾ."

ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಇಷ್ಟು ದಿನ ಈ ಮನುಷ್ಯನನ್ನು ನೋಡಿ ನಕ್ಕೆನಲ್ಲಾ ಅನ್ನಿಸಿತು. ಸಾಯಂಕಾಲ ಮನೆಯಲ್ಲಿದ್ದ ಒಂದೇ ಒಂದು ಹತ್ತಿ ಹಾಸಿಗೆಯನ್ನು ಎತ್ತಿಕೊಂಡು ಹೋಗಿ ಸೀಟಿನ ಮೇಲೆ ಬಿಗಿದು ಕಟ್ಟಿದರು. ಅವತ್ತಿನಿಂದ ಕಾರು ಹಾಸಿಗೆ ಮೇಲೆ, ಬಸುರಿ ನಾನು ಚಾಪೆ ಮೇಲೆ.

ಪ್ರಾಕ್ಟೀಸು

ದಿನ ಹತ್ತಿರವಾದಂತೆ ಇವರಿಗೆ ಹೊಸ ಚಿಂತೆ. ಬಸುರಿಯನ್ನು ಕುಲುಕದ ಹಾಗೆ ಆಸ್ಪತ್ರೆವರೆಗೆ ಓಡಿಸುವುದು ಹೇಗೆ? ನನ್ನನ್ನೇ ಕೂರಿಸಿ ಪರೀಕ್ಷೆ ಮಾಡುವ ಹಾಗಿಲ್ಲ. ಅಜ್ಜಿ ಮುಂದೆ ಬಂದರು. "ನನ್ನ ಮಲಗುಸ್ಕಂಡ್ ಓಗಪ್ಪಾ. ಎಲ್ಲೆಲ್ಲಿ ಕುಲುಕ್ತೈತೋ ಯೋಳ್ತೀನಿ."

ತುಮಕೂರು ರಸ್ತೆಯಲ್ಲಿ ಹೊರಟಿತು ನಮ್ಮ ಕಾರು, ಮೆರವಣಿಗೆಯ ನಡಿಗೆಯಲ್ಲಿ. ಅಜ್ಜಿ ಹಾಸಿಗೆ ಮೇಲೆ ಮಲಗಿ, ಪ್ರತಿ ಗುಂಡಿಗೂ "ಅಯ್ಯಯ್ಯೋ, ಸತ್ತೇ" ಅಂತ ಕೂಗುತ್ತಿದ್ದರಂತೆ. ಹಿಂದೆ ಲಾರಿಗಳೆಲ್ಲ ಸಾಲಾಗಿ ನಿಂತು ಹಾರನ್ ಬಾರಿಸುತ್ತಿವೆ. ಒಬ್ಬ ಪೊಲೀಸಿನವರು ಅಡ್ಡ ಬಂದರು.

"ಯಾಕ್ರೀ, ಮದ್ವೆ ದಿಬ್ಬಣಾನಾ ಇದು?"

ಇವರಿಗೆ ಖಾಕಿ ಕಂಡರೆ ನಾಲಗೆ ಒಣಗುತ್ತದೆ. "ಹೆರಿಗೆ ಕೇಸು ಸಾರ್," ಅಂದುಬಿಟ್ಟರು.

ಪೊಲೀಸಿನವರು ಗಾಬರಿಯಾಗಿ ಕಿಟಕಿಯೊಳಗೆ ಬಗ್ಗಿದರು. ಹಲ್ಲಿಲ್ಲದ ಬಾಯಿ, ಬೆಳ್ಳನೆ ತಲೆ. "ಯಾರಿಗ್ರೀ ಹೆರಿಗೆ?"

ನಮ್ಮವರು ಹಿಂದಕ್ಕೆ ಬೆರಳು ತೋರಿಸಿದರು. ಅಜ್ಜಿ ತಲೆ ಎತ್ತಿ ಸಮಾಧಾನವಾಗಿ ಹೇಳಿದರು: "ಇವತ್ತೇನಿಲ್ಲ ಕಣಪ್ಪ. ದಾರಿ ಎಂಗೈತೆ ಅಂತ ನೋಡ್ಕಂಡ್ ಬರಾನ ಅಂತ ಬಂದೋ."

ಆ ಪುಣ್ಯಾತ್ಮ ನಗು ತಡೆದುಕೊಂಡು ಕೈಯೆತ್ತಿ ಲಾರಿಗಳನ್ನೆಲ್ಲ ನಿಲ್ಲಿಸಿದರು. "ಹೋಗಿಬನ್ನಿ ಅಜ್ಜಿ, ನಿಧಾನಕ್ಕೇ ಹೋಗಿ. ನಿಮಗಂತೂ ಅವಸರ ಇಲ್ಲ."

ಸ್ಪ್ಯಾನರ್‌ಗೆ ರಜ

ಪೀಣ್ಯದವರಿಗೆ ಆಯುಧ ಪೂಜೆಗಿಂತ ದೊಡ್ಡ ಹಬ್ಬ ಇಲ್ಲ. ಸ್ಪ್ಯಾನರ್, ಸುತ್ತಿಗೆ, ಸ್ಕ್ರೂಡ್ರೈವರ್, ಎಲ್ಲವನ್ನೂ ತೊಳೆದು, ಅರಿಶಿನ ಕುಂಕುಮ ಇಟ್ಟು ದೇವರ ಮುಂದೆ ಜೋಡಿಸಿದರೆ ಮುಗಿಯಿತು. ಮಾರನೇ ದಿನ ಮತ್ತೆ ಪೂಜೆ ಮಾಡಿ ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ. ವರ್ಷವೆಲ್ಲ ದುಡಿದದ್ದಕ್ಕೆ ಅವಕ್ಕೆ ಒಂದು ದಿನದ ರಜ.

ಆ ವರ್ಷ ಬೀದಿಯವರ ಭಕ್ತಿಯೆಲ್ಲ ನಮ್ಮ ಕಾರಿನ ಮೇಲೆ. ಬಾಳೆಕಂದು ಕಟ್ಟಿದರು, ಚೆಂಡುಹೂವಿನ ಹಾರ ಹಾಕಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಒಡೆಯಲು ಕುಂಕುಮ ತುಂಬಿದ ಬೂದುಗುಂಬಳಕಾಯಿ ಬೇರೆ. ಟರ್ನರೂ ಎಲೆಕ್ಟ್ರಿಷಿಯನ್ನೂ "ಮೈ ತೊಳೆದ್ರೆ ಸಾಕಾ, ಎಂಜಿನ್‌ಗೂ ಅಭ್ಯಂಜನ ಆಗ್ಲಿ" ಅಂತ ಬಾನೆಟ್ ಎತ್ತಿ ಬಕೆಟ್‌ಗಟ್ಟಲೆ ನೀರು ಸುರಿದಿದ್ದರು.

ನನಗೆ ಬೆಳಗ್ಗೆಯಿಂದಲೇ ಸೊಂಟ ಹಿಡಿದಿತ್ತು. ಹಬ್ಬದ ಕೆಲಸದ್ದು ಅಂದುಕೊಂಡೆ. ಡಾಕ್ಟರ್ ಹೇಳಿದ ದಿನ ಇನ್ನೂ ದೂರ ಇತ್ತು. ಮಂಗಳಾರತಿ ಆಗುತ್ತಿದ್ದ ಹಾಗೇ ನೋವು ಬಂದು ಹಿಂಡಿತು ನೋಡಿ. "ರೀ," ಅಂದೆ, ಅಷ್ಟೇ. ನಮ್ಮವರ ಕೈಯಿಂದ ಆರತಿ ತಟ್ಟೆ ಕೆಳಗೆ ಬಿತ್ತು.

ಓಡಿ ಹೋಗಿ ಕಾರು ಚಾಲೂ ಮಾಡಿದರು. ಕರ್‌ರ್ ಅಂತು, ಸುಮ್ಮನಾಯಿತು. ಮತ್ತೆ ಕರ್‌ರ್, ಮತ್ತೆ ಸುಮ್ಮನೆ.

"ನೀರು ಇಳಿದಿದೆ," ಅಂದರು ಎಲೆಕ್ಟ್ರಿಷಿಯನ್, ಸಣ್ಣ ದನಿಯಲ್ಲಿ. "ಬಿಚ್ಚಿ ಒರೆಸಬೇಕು ಗುರು."

ಬಿಚ್ಚುವುದು ಯಾವುದರಲ್ಲಿ? ಮೂವರೂ ಒಟ್ಟಿಗೆ ದೇವರ ಮನೆ ಕಡೆ ನೋಡಿದರು. ಸ್ಪ್ಯಾನರ್‌ಗಳೆಲ್ಲ ಹೂವು ಮುಡಿದು ಕೂತಿದ್ದವು. ಯಾರೂ ಕೈ ಚಾಚಲಿಲ್ಲ. ನಮ್ಮವರು ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. "ಇವತ್ತು ಮುಟ್ಟಿ, ಮಗುಗೆ ಏನಾದ್ರೂ ಆಗ್ಬಿಟ್ರೆ..." ಅಂದರು. ಒಂದು ಸಲ ಕಳೆದುಕೊಂಡವರ ಭಯ ಅದು, ನನಗೂ ಅರ್ಥವಾಗುತ್ತಿತ್ತು. ಆದರೆ ನೋವಿನಲ್ಲಿದ್ದವಳಿಗೆ ತಾಳ್ಮೆ ಎಲ್ಲಿಂದ ಬರಬೇಕು?

"ತಳ್ರೋ ಅದನ್ನ! ಕೈಗೂ ಕುಂಕುಮ ಇಟ್ಟು ಕೂರಿಸಿದೀರಾ?" ಅಂತ ಕೂಗಿದೆ.

ಬೀದಿಗೆ ಬೀದಿಯೇ ಬಂತು. ಟರ್ನರ್ ನನ್ನನ್ನು ತಡೆದರು. "ಅಕ್ಕಾ, ನೀವು ಜಗಲಿ ಮೇಲಿರಿ. ತಳ್ಳುವಾಗ ಎತ್ತಿಹಾಕುತ್ತೆ. ಸ್ಟಾರ್ಟ್ ಆದ್ಮೇಲೆ ಹತ್ತೀರಂತೆ." ಕಾಲಿಗೆ ಸಿಕ್ಕೀತು ಅಂತ ಕುಂಬಳಕಾಯಿಯನ್ನು ಎತ್ತಿ ಕಾರಿನ ಹಿಂದಿನ ಸೀಟಿನ ಮೇಲಿಟ್ಟರು. ಎಲೆಕ್ಟ್ರಿಷಿಯನ್ ಇವರ ಕಿವಿಯಲ್ಲಿ, "ಗುರು, ಎಂಜಿನ್ ಒಂದ್ಸಲ ಹಿಡ್ಕೊಂಡ್ರೆ ಆಕ್ಸಿಲರೇಟರ್‌ನಿಂದ ಕಾಲು ತೆಗೀಬೇಡ. ಆಫ್ ಆದ್ರೆ ಮುಗೀತು ಕಥೆ," ಅಂದರು.

ತಳ್ಳಿದರು. ನಿಂಬೆಹಣ್ಣು ಪಚಕ್ ಅಂದವು. ಇಳಿಜಾರಿನ ಕೊನೆಯಲ್ಲಿ ಕಾರು ಹೊಗೆ ಬಿಟ್ಟು ಗುಡುಗಿತು. ಜನವೆಲ್ಲ ಹೋ ಅಂತ ಚಪ್ಪಾಳೆ ತಟ್ಟಿದರು. ಕಾರು ಮೇನ್ ರೋಡಿಗೆ ತಿರುಗಿತು, ಬಾಳೆಕಂದು ಅಲ್ಲಾಡಿಸುತ್ತಾ ಹೋಗೇಬಿಟ್ಟಿತು.

"ಟರ್ನ್ ಮಾಡ್ಕೊಂಡ್ ಬರ್ತಾರೆ ಅಕ್ಕಾ," ಅಂದರು ಟರ್ನರ್.

ಧೂಳು ಇಳಿಯಿತು. ಕಾರು ಬರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲನೇದು ನೆನಪಾಗಿ ಅಜ್ಜಿಯ ಕೈ ಹಿಡಿದುಕೊಂಡೆ. ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಏಳವ್ವಾ ಒಳಿಕ್ಕೆ. ಈಗ ಕಾರ್ ತಳ್ತಿದ್ವಲ್ಲ ನಮ್ಮೂರ ಐಕ್ಳು, ಅರ್ಧಕ್ಕರ್ಧ ನಾನೇ ಈಚಿಕ್ಕೆ ಎಳ್ದಾಕಿರೋವು."

ಟರ್ನರ್ ಹೆಂಡತಿ ಬಿಸಿನೀರು ತಂದರು. ಅಜ್ಜಿ ಬೈದರು, ತಲೆ ಸವರಿದರು, ಮತ್ತೆ ಬೈದರು. ಕಡೆಗೆ ಮಗು ಅತ್ತಿತು. ಅಬ್ಬಾ, ಏನು ಅಳು ಅದು! ನಾನೂ ಜೊತೆಗೆ ಅತ್ತೆ. ಆ ಒಂದು ಶಬ್ದಕ್ಕೆ ನನ್ನ ಕಿವಿ ಎಷ್ಟು ಹಸಿದಿತ್ತೋ ನನಗೇ ಗೊತ್ತು.

ಆ ಕಡೆ ನಮ್ಮವರು ಮಲ್ಲೇಶ್ವರದ ಕಡೆಯ ಹೆರಿಗೆ ಆಸ್ಪತ್ರೆ ಬಾಗಿಲಲ್ಲಿ ಎಂಜಿನ್ ಆಫ್ ಮಾಡದೆ ಹಾರನ್ ಒತ್ತಿದ್ದೇ ಒತ್ತಿದ್ದು. ನರ್ಸಮ್ಮ ಸ್ಟ್ರೆಚರ್ ತಳ್ಳಿಸಿಕೊಂಡು ಓಡಿ ಬಂದು ಹಿಂದಿನ ಬಾಗಿಲು ತೆಗೆದರೆ, ಹಾಸಿಗೆ ಮೇಲೆ ಕುಂಕುಮ ಇಟ್ಟುಕೊಂಡು ಕುಂಬಳಕಾಯಿ ಮಲಗಿದೆ.

"ಇದಕ್ಕೆ ಎಷ್ಟು ತಿಂಗಳು ಸಾರ್?" ಅಂದರಂತೆ.

ಹೋದ ದಾರಿಯಲ್ಲೇ ವಾಪಸು ಬಂದರು. ಬೀದಿ ತುದಿಗೇ ಮಗುವಿನ ಅಳು ಕೇಳಿಸಿತಂತೆ. ಕಾರು ಗುಡುಗುಟ್ಟುತ್ತಿದ್ದ ಹಾಗೇ ಬಿಟ್ಟು ಓಡಿ ಬಂದು ಹೊಸ್ತಿಲಲ್ಲಿ ನಿಂತರು. ಒಳಗೆ ಬರುವ ಧೈರ್ಯ ಇಲ್ಲ.

"ಅಳ್ತಿದೆ ಕಣೇ," ಅಂದರು.

"ಹೂಂ ರೀ, ಅಳ್ತಿದೆ."

ಆಮೇಲೆ ಗೋಡೆಗೆ ಒರಗಿ ಅವರು ಅತ್ತದ್ದು ಮಗುವಿಗಿಂತ ಜೋರು. ಬೀದಿಯವರು ಯಾರೂ ನಗಲಿಲ್ಲ.

ಕಣ್ಣು ಒರೆಸಿಕೊಂಡವರೇ "ಏಳು, ಹೊರಡು" ಅಂದರು. ಎಲ್ಲ ಸರಿಯಾಗಿದೆ ಅಂತ ಅಜ್ಜಿ ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನನ್ನು ಎತ್ತಿಕೊಂಡು ಹೋಗಿ ಹಾಸಿಗೆ ಮೇಲೆ ಮಲಗಿಸಿ, ಮಗುವನ್ನು ಅಜ್ಜಿ ಮಡಿಲಿಗೆ ಕೊಟ್ಟು, ಒಂದು ಗುಂಡಿಗೂ ಕುಲುಕದ ಹಾಗೆ ಓಡಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ನೋಡಿದರು, ಮಗುವನ್ನು ತಿರುಗಿಸಿ ಮುರುಗಿಸಿ ನೋಡಿದರು. ಕನ್ನಡಕ ತೆಗೆದು ಇವರ ಕಡೆ ತಿರುಗಿದರು.

"ಎಲ್ಲಾ ಮನೇಲೇ ಚೆನ್ನಾಗಿ ಆಗಿದೆಯಲ್ರೀ. ತಾಯಿ ಮಗು ಇಬ್ರೂ ಗಟ್ಟಿಯಾಗಿದ್ದಾರೆ. ಹಸಿ ಬಾಣಂತೀನ ಇಷ್ಟು ದೂರ ಯಾಕ್ರೀ ಎಳ್ಕೊಂಡ್ ಬಂದ್ರಿ?"

ನಮ್ಮವರು ಕೈ ಮುಗಿದರು.

"ಕಾರು ಸ್ಟಾರ್ಟ್ ಆಗಿತ್ತು ಮೇಡಂ."